ಮಾಲೂರಿನಲ್ಲಿ ಇಳಿದವರು

ಒಂದು ಊರು ಎಷ್ಟು ದುಡಿಯಿತು ಎಂಬುದನ್ನು ವರ್ಷ ಕಳೆದ ಮೇಲೆ ಅಂದಾಜು ಕಟ್ಟುವ ಬದಲು, ದುಡಿಯುತ್ತಿರುವಾಗಲೇ ಅಳೆದು ತೋರಿಸುವ ಯಂತ್ರ ಬಂದು ಹದಿನಾರು ವರ್ಷವಾಗಿತ್ತು. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಉತ್ಪತ್ತಿ ಮಾಪಕ. ಜನ ಅದನ್ನು ಮುಳ್ಳು ಎನ್ನುತ್ತಿದ್ದರು.

ಹೊಲಿಗೆ ಯಂತ್ರ, ಲೇತ್, ಹಾಲಿನ ಟ್ಯಾಂಕರು, ಆಪರೇಷನ್ ಮೇಜು, ಮಡಿಲ ಮೇಲಿನ ಕಂಪ್ಯೂಟರು, ಹೀಗೆ ದುಡಿಮೆಯ ಪ್ರತಿ ಸಲಕರಣೆಯಲ್ಲೂ ಅಕ್ಕಿಕಾಳಿನಷ್ಟು ಚಿಕ್ಕ ಒಂದು ಬಿಲ್ಲೆ ಕೂತಿತ್ತು. ಕೆಲಸ ನಡೆದೊಡನೆ ಅದು ಎಲ್ಲಿ ನಡೆಯಿತು, ಒಳಗೆ ಏನು ಹೋಯಿತು, ಹೊರಗೆ ಏನು ಬಂತು ಎಂದು ಬಿಲ್ಲೆ ಸುದ್ದಿ ಕಳಿಸುತ್ತಿತ್ತು. ಮಾಪನ ಕೇಂದ್ರ ನೋಡಲು ಬಂದ ಕಾಲೇಜು ಮಕ್ಕಳಿಗೆ ಸುಗುಣ ಇದನ್ನು ಇಡ್ಲಿಯಿಂದ ವಿವರಿಸುತ್ತಿದ್ದಳು. "ಇಡ್ಲಿ ಮಾರಿದ ಬೆಲೆಯಲ್ಲಿ ಅಕ್ಕಿ, ಉದ್ದು, ಗ್ಯಾಸಿನ ಬೆಲೆ ಕಳೀರಿ. ಉಳಿದದ್ದು ಆ ಹೋಟೆಲ್ಲಿನ ಉತ್ಪತ್ತಿ. ಅಕ್ಕಿಯ ಲೆಕ್ಕ ಗದ್ದೆ ಇರೋ ಊರಿಗೆ ಆಗಲೇ ಹೋಗಿರುತ್ತೆ. ಒಂದೇ ಕಾಳನ್ನ ಎರಡು ಸಲ ಎಣಿಸಬಾರದು, ಅಷ್ಟೇ."

ಸುಗುಣಳಿಗೆ ನಲವತ್ತೆರಡು. ಬೆಂಗಳೂರಿನ ಮಾಪನ ಕೇಂದ್ರದಲ್ಲಿ ಹಿರಿಯ ಪರೀಕ್ಷಕಿ. ಯಂತ್ರ ತೋರಿಸಿದ ಅಂಕಿ ಸರಿಯಿದೆ ಎಂದು ದಿನದ ಕೊನೆಗೆ ಅವಳು ಸಹಿ ಹಾಕಿದರೆ ಮಾತ್ರ ಆ ದಿನ ದಾಖಲೆಗೆ ಸೇರುತ್ತಿತ್ತು. ಅವಳ ಮೇಜಿನ ಎದುರಿನ ಗೋಡೆಯಲ್ಲಿ ಮೂರು ಮುಳ್ಳುಗಳಿದ್ದವು. ಒಂದು ಬೆಂಗಳೂರಿನದು. ಇನ್ನೊಂದು ರಾಜ್ಯದ ಮಿಕ್ಕೆಲ್ಲ ಜಿಲ್ಲೆಗಳದು. ಅದರ ಕೆಳಗೆ 'ಉಳಿಕೆ' ಎಂದು ಬರೆದಿತ್ತು. ಮೂರನೆಯದು ಎರಡರ ಮೊತ್ತ.

ಬೆಂಗಳೂರೊಂದರ ಉತ್ಪತ್ತಿಯೇ ದೇಶದ ಹಲವು ಇಡೀ ರಾಜ್ಯಗಳನ್ನು ಹಿಂದೆ ಹಾಕಿತ್ತು. ಪತ್ರಿಕೆಗಳು ದಿನವೂ ಅದನ್ನು ಕ್ರಿಕೆಟ್ ಸ್ಕೋರಿನಂತೆ ಮೊದಲ ಪುಟದಲ್ಲಿ ಹಾಕುತ್ತಿದ್ದವು. ಆದರೆ ಈ ವರ್ಷದ ಹೋಲಿಕೆ ಬರೀ ಜಂಬದ್ದಾಗಿರಲಿಲ್ಲ. ಹೊಸ ಕಾಯ್ದೆಯೊಂದು ಬಂದಿತ್ತು. ಯಾವ ಮಹಾನಗರ ಒಂದು ಪೂರ್ತಿ ಹಣಕಾಸು ವರ್ಷ ತನ್ನ ರಾಜ್ಯದ ಮಿಕ್ಕೆಲ್ಲ ಜಿಲ್ಲೆಗಳ ಮೊತ್ತವನ್ನು ಮೀರುತ್ತದೋ, ಅದು ಬೇರೆ ರಾಜ್ಯವಾಗಬಹುದು. ಅದರ ತೆರಿಗೆ ಅದಕ್ಕೇ, ಅದರ ಆಸ್ಪತ್ರೆ ಅದರವರಿಗೇ. ಮಾರ್ಚ್ ಮೊದಲ ವಾರದಲ್ಲಿ ನಗರದ ಪಾಲು ನೂರಕ್ಕೆ ಐವತ್ತನ್ನು ಕೂದಲೆಳೆಯಷ್ಟು ದಾಟಿ ನಿಂತಿತ್ತು. ವರ್ಷ ಮುಗಿಯಲು ಇನ್ನು ಮೂರು ವಾರ ಚಿಲ್ಲರೆ.

ಆ ಮುಳ್ಳನ್ನು ಕಾಯುತ್ತಿದ್ದ ಸುಗುಣ ಮಾತ್ರ ಬೆಂಗಳೂರಿನವಳಲ್ಲ. ಅವಳ ಮನೆ ಬಂಗಾರಪೇಟೆಯಲ್ಲಿ. ದಿನಾ ಬೆಳಿಗ್ಗೆ ಆರೂ ಕಾಲಿನ ರೈಲು, ಸಂಜೆ ಐದೂ ಮುಕ್ಕಾಲಿನ ರೈಲು. ಕೆಜಿಎಫ್, ಬಂಗಾರಪೇಟೆ, ಟೇಕಲ್, ಮಾಲೂರು ಕಡೆಯ ಹೆಂಗಸರೆಲ್ಲ ಮೂರನೇ ಬೋಗಿ ಹತ್ತುತ್ತಿದ್ದರು. ಹುಣಸೆಯ ಕಾಲವಾದ್ದರಿಂದ ಅರ್ಧ ಬೋಗಿ ಮಡಿಲಲ್ಲಿ ಮೊರ ಇಟ್ಟುಕೊಂಡು ನಾರು ಬಿಡಿಸುತ್ತಿತ್ತು.

ಸುಗುಣಳ ಎದುರು ಸೀಟು ಎಸ್ತರಕ್ಕನದು. ಕೆಜಿಎಫ್‌ನ ಗಣಿ ಕಾರ್ಮಿಕರ ಮೊಮ್ಮಗಳು, ಐವತ್ತೆಂಟು ವಯಸ್ಸು. ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ ಆಪರೇಷನ್ ಸಾಮಾನು ತೊಳೆದು, ಕುದಿಸಿ ಜೋಡಿಸುವ ಕೆಲಸ. ಪಕ್ಕದಲ್ಲಿ ಕೂರುವವಳು ಫರ್ಜಾನಾ, ಇಪ್ಪತ್ತಾರರ ಹುಡುಗಿ. ದಪ್ಪ ಕನ್ನಡಕದಂಥ ಉಪಕರಣ ಹಾಕಿಕೊಂಡು ಎಲ್ಲೋ ದೂರದ ಕಾರ್ಖಾನೆಯ ಕಂಪ್ಯೂಟರ್ ಚಿಪ್‌ಗಳಲ್ಲಿ ಬಿರುಕು ಹುಡುಕುತ್ತಿದ್ದಳು. ಅವಳಿಗೆ ಏಳು ತಿಂಗಳಾಗಿತ್ತು. ಬೋಗಿಯ ಪ್ರತಿಯೊಬ್ಬರೂ ದಿನಕ್ಕೊಂದು ಮಾವಿನಕಾಯಿ ತಂದು ಕೊಡುತ್ತಿದ್ದರು.

ಒಂದು ಸಂಜೆ ಸುಗುಣ ಮನೆ ಮುಟ್ಟುವಷ್ಟರಲ್ಲಿ ಗಂಡ ಜಯಪಾಲ ಚಪ್ಪಲಿಯನ್ನೂ ಬಿಡದೆ ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ಊರಿನ ಆಸ್ಪತ್ರೆಯ ನವಜಾತ ಶಿಶು ವಾರ್ಡಿನಲ್ಲಿ ಅವನು ನರ್ಸ್.

"ಏನ್ರೀ, ಹಿಂಗೆ ಕೂತಿದ್ದೀರ?"

"ನಾಲ್ಕೂ ಇನ್‌ಕ್ಯುಬೇಟರ್ ಲಾರಿಗೆ ಹಾಕ್ಕೊಂಡು ಹೋದ್ರು ಸುಗುಣ. ಹೊಸ ರಾಜ್ಯಕ್ಕೆ ಅಂತ ಮಾಡಿರೋ ಮಂಡಳಿಯ ಆರ್ಡರ್ ಅಂತೆ. ಯಾವ ಕಡೆ ಉತ್ಪತ್ತಿ ಹೆಚ್ಚೋ ಆ ಕಡೆ ಸಲಕರಣೆ ಹೆಚ್ಚು. ಬೆಂಗಳೂರಿಗೆ ಹೋದ್ವು."

"ಇನ್ನೂ ಬೇರೆ ರಾಜ್ಯನೇ ಆಗಿಲ್ವಲ್ಲ!"

"ಆಗೋದು ಖಾತ್ರಿ ಅಂತ ಮುಂಚೇನೇ ಹಂಚ್ಕೋತಾ ಅವ್ರೆ." ಅವನು ಅವಳ ಮುಖ ನೋಡಲಿಲ್ಲ. "ನೀನು ಸಹಿ ಹಾಕೋ ಅಂಕಿನೇ ಅಲ್ವಾ ಅದು?"

ಅವನು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಸುಗುಣಳಿಗೆ ಅಂದು ಊಟ ಸೇರಲಿಲ್ಲ. ಅಂಕಿ ಸರಿಯಾಗಿಯೇ ಇತ್ತು. ಅವಳು ಒಂದು ದಿನವೂ ತಪ್ಪು ಸಹಿ ಹಾಕಿದವಳಲ್ಲ.

ಮಾರ್ಚ್ ಹದಿನಾಲ್ಕರ ಮಧ್ಯಾಹ್ನ ಫರ್ಜಾನಾಳಿಗೆ ಆಫೀಸಿನಲ್ಲೇ ಹೊಟ್ಟೆನೋವು ಕಾಣಿಸಿಕೊಂಡಿತು. ಹತ್ತಿರದ ಆಸ್ಪತ್ರೆಯ ಬಾಗಿಲಲ್ಲಿ ನಗರವಾಸಿ ಚೀಟಿ ಕೇಳಿದರು. ದಿನಕ್ಕೆ ಹತ್ತು ಗಂಟೆ ಆ ನಗರದಲ್ಲೇ ಇರುವವಳು, ಆದರೆ ಮಲಗುವುದು ಬಂಗಾರಪೇಟೆಯಲ್ಲಿ. ಚೀಟಿ ಇರಲಿಲ್ಲ. ಜೊತೆಯವರು ಕಾರಿನಲ್ಲಿ ಊರಿಗೆ ಕರೆತಂದರು. ನಾಲ್ಕು ಗಂಟೆಗೆ ಹೆರಿಗೆಯಾಯಿತು. ಗಂಡು ಮಗು, ಒಂದು ಕಿಲೋ ಆರುನೂರು ಗ್ರಾಂ. ಇಡಲು ಗಾಜಿನ ಪೆಟ್ಟಿಗೆ ಇರಲಿಲ್ಲ. ಜಯಪಾಲ ತನ್ನ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಒತ್ತಿಕೊಂಡು, ಮೇಲೆ ಕಂಬಳಿ ಸುತ್ತಿಕೊಂಡು ಆಂಬುಲೆನ್ಸ್ ಹತ್ತಿದ. ಆ ಬಿಸಿಲಲ್ಲಿ ಕಿಟಕಿ ಮುಚ್ಚಿಸಿ, ಮೈಯೆಲ್ಲ ಬೆವರಿ, ಮಗುವಿನ ಉಸಿರು ಎಣಿಸುತ್ತಾ ಕೋಲಾರ ಮುಟ್ಟಿದ. ಅಲ್ಲಿ ಒಂದು ಪೆಟ್ಟಿಗೆ ಖಾಲಿಯಿತ್ತು.

"ಬದುಕ್ತಾನೆ," ಎಂದ ಸುಗುಣಳಿಗೆ ಫೋನಿನಲ್ಲಿ. "ದಾರೀಲಿ ಎರಡು ಸಲ ಉಸಿರು ನಿಲ್ಲಿಸಿದ. ಎರಡು ಸಲಾನೂ ಬೆನ್ನು ತಟ್ಟಿದ್ಮೇಲೆ ಎಳ್ಕೊಂಡ."

ಮೂರು ದಿನ ಸುಗುಣ ಒಂದೇ ಯೋಚನೆಯಲ್ಲಿದ್ದಳು. ಹದಿನೈದು ವರ್ಷದ ಹಿಂದೆ, ಹೊಸದಾಗಿ ಕೆಲಸಕ್ಕೆ ಸೇರಿದಾಗ, ಮಾಪಕದ ಸ್ಥಳನಿಯಮ ಬರೆದ ನಾಲ್ವರಲ್ಲಿ ಅವಳೂ ಒಬ್ಬಳು. ಕೆಲಸ ಎಲ್ಲಿ ನಡೆಯಿತೋ ಲೆಕ್ಕ ಅಲ್ಲಿಗೇ. ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ ಎಂದು ಬಳ್ಳಾರಿಯ ಅದಿರನ್ನು ಬೆಂಗಳೂರಿಗೆ ಬರೆದುಕೊಳ್ಳುವುದನ್ನು ತಪ್ಪಿಸಲೆಂದೇ ಆ ನಿಯಮ ಮಾಡಿದ್ದು. ನ್ಯಾಯವೆಂದೇ ಅನ್ನಿಸಿತ್ತು. ದುಡಿಯುವವರು ಒಂದು ಊರಲ್ಲಿ ಹುಟ್ಟಿ, ಓದಿ, ಕಾಯಿಲೆ ಬಿದ್ದು, ಹೆತ್ತು, ಇನ್ನೊಂದು ಊರಲ್ಲಿ ಬರೀ ದುಡಿದು ಬರುತ್ತಾರೆ ಎಂಬುದು ಅಂದು ನಾಲ್ವರಿಗೂ ಹೊಳೆದಿರಲಿಲ್ಲ.

ಅವಳು ನಿರ್ದೇಶಕ ಕೇದಾರನಾಥರ ಕೋಣೆಗೆ ಹೋದಳು. ಅರವತ್ತಕ್ಕೆ ಹತ್ತಿರವಿದ್ದ ಅವರು ಅಂಕಿಯ ವಿಷಯದಲ್ಲಿ ಮಹಾ ಮಡಿವಂತರು. ಯಾವ ಮಂತ್ರಿಯ ಮಾತಿಗೂ ದಶಾಂಶ ಬದಲಿಸಿದವರಲ್ಲ.

"ಸರ್, ದುಡಿದ ಜಾಗದ ಜೊತೆ ದುಡಿದವರ ಮನೆ ಇರೋ ಜಾಗದ ಲೆಕ್ಕಾನೂ ಒಂದು ಹಾಕೋಣ. ನಾನು ಹಾಕಿ ನೋಡಿದೀನಿ. ಆ ಲೆಕ್ಕದಲ್ಲಿ ನಗರದ ಪಾಲು ನಲವತ್ತಾರು ಬರುತ್ತೆ."

ಅವರು ಕಾಗದವನ್ನು ಎರಡು ಸಲ ಓದಿದರು. "ಲೆಕ್ಕ ಸರಿಯಾಗೇ ಇದೆ. ಆದರೆ ಕಾಯ್ದೆ ಹೇಳೋದು ಒಂದೇ ಅಂಕಿ. ಎರಡನೇದನ್ನ ಕೇಳಬೇಕಾದೋರು ಸಂಸತ್ತಿನವರು, ನಾವಲ್ಲ."

"ಅಷ್ಟರಲ್ಲಿ ವರ್ಷ ಮುಗಿಯುತ್ತೆ ಸರ್."

"ಮುಗೀಲಿ ಅಂತ ನಾನೇನು ಹೇಳ್ತಿಲ್ಲ ಸುಗುಣಾ ಅವರೇ. ಅಳೆಯೋರು ಅಳೀಬೇಕು. ಕೊಳಗದ ಮೇಲೆ ಕೈ ಇಟ್ಟರೆ ಆಮೇಲೆ ನಮ್ಮನ್ನ ಯಾರು ನಂಬ್ತಾರೆ?"

ಅದೂ ನಿಜವೇ. ಅವಳು ಕಾಗದ ಹಿಂದಕ್ಕೆ ತೆಗೆದುಕೊಂಡು ಬಂದಳು.

ಸಂಜೆ ಬೋಗಿಯಲ್ಲಿ ಫರ್ಜಾನಾಳ ಸೀಟು ಖಾಲಿಯಿತ್ತು. ಅಲ್ಲಿ ಯಾರೂ ಕೂರಲಿಲ್ಲ. ಎಸ್ತರಕ್ಕ ಕೇಳಿದಳು, "ಏನಮ್ಮಾ, ಆ ಮುಳ್ಳು ನಮ್ಮನ್ನ ಯಾವ ಊರೋರು ಅಂತ ಲೆಕ್ಕ ಹಾಕ್ತೈತೆ? ಬಂಗಾರಪೇಟೆನಾ, ಬೆಂಗಳೂರಾ?"

ನಿಯಮದ ಪುಸ್ತಕ ಗುಟ್ಟಿನದೇನಲ್ಲ. ಯಾರು ಬೇಕಾದರೂ ಓದಬಹುದು. ಸುಗುಣ ಹೇಳಿದಳು. "ನಮ್ಮನ್ನ ಲೆಕ್ಕ ಹಾಕೋದೇ ಇಲ್ಲ ಅಕ್ಕ. ನಮ್ಮ ಕೈಲಿರೋ ಸಾಮಾನು ಎಲ್ಲಿ ಓಡ್ತೋ ಅಲ್ಲಿಗೆ. ವೈಟ್‌ಫೀಲ್ಡ್ ದಾಟಿದ್ರೆ ಬೆಂಗಳೂರು. ಮಾಲೂರಲ್ಲಿ ಓಡಿದ್ರೆ ಉಳಿಕೆ."

ಹುಣಸೆ ಬಿಡಿಸುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಫರ್ಜಾನಾಳ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ತನ್ನ ಚೀಲದಿಂದ ಆ ದಪ್ಪ ಕನ್ನಡಕ ತೆಗೆದು ಎತ್ತಿ ಹಿಡಿದಳು. "ಅಂದ್ರೆ ಮೇಡಂ, ಇದನ್ನ ಹಾಕ್ಕೊಂಡು ನಾನು ಮಾಲೂರು ಸ್ಟೇಷನ್ನಲ್ಲೇ ಕೂತು ಕೆಲಸ ಮಾಡಿದ್ರೆ?"

ತಾನು ಏನು ಹೇಳಿಬಿಟ್ಟೆ ಎಂದು ಸುಗುಣಳಿಗೆ ಆಗ ಅರಿವಾಯಿತು.

"ನನ್ನನ್ನ ಕೇಳಬೇಡಿ," ಎಂದಳು. "ನಾನು ಅಳೆಯೋಳು."

ಅವರು ಮತ್ತೆ ಕೇಳಲಿಲ್ಲ. ಅವರಷ್ಟಕ್ಕೇ ಮಾತಾಡಿಕೊಂಡರು. ಬೋಗಿಯ ಮೆಸೇಜ್ ಗುಂಪಿನಿಂದ ಸುದ್ದಿ ಮಿಕ್ಕ ಬೋಗಿಗಳಿಗೆ, ಮಿಕ್ಕ ರೈಲುಗಳಿಗೆ ಹರಿಯಿತು. ಮಾಲೂರಿನಲ್ಲಿ ಸ್ಟೇಷನ್ನಿಗೆ ಅಂಟಿದಂತೆ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದಿತ್ತು; ಅದರ ಮಾಲೀಕ ಶೆಡ್ಡುಗಳ ಬೀಗದ ಕೈ ಕೊಟ್ಟ. ಗಾರ್ಮೆಂಟ್ಸ್ ಹೆಂಗಸರು ಗುತ್ತಿಗೆದಾರನನ್ನು ಒಪ್ಪಿಸಿ ಕತ್ತರಿಸಿದ ಬಟ್ಟೆಯನ್ನೂ ಯಂತ್ರಗಳನ್ನೂ ಅಲ್ಲಿಗೇ ತರಿಸಿದರು. ಎಲ್ಲರೂ ಎಸ್ತರಕ್ಕನ ಮುಖ ನೋಡಿದಾಗ ಅವಳು ಅಡ್ಡಡ್ಡ ತಲೆಯಾಡಿಸಿದಳು.

"ನಾನು ಇಳಿಯಲ್ಲಮ್ಮಾ. ಅಲ್ಲಿ ಹೊಟ್ಟೆ ಕೊಯ್ಯಿಸ್ಕೊಳ್ಳೋಕೆ ಜನ ಕಾಯ್ತಾ ಮಲಗಿರ್ತಾರೆ. ಕತ್ತರಿ ಕುದಿಸೋ ಕೆಲಸ ಮಾಲೂರಲ್ಲಿ ಆಗಲ್ಲ. ಅವರ ಆಸ್ಪತ್ರೆ ನಮಗೆ ಬಾಗಿಲು ಹಾಕ್ತು ಅಂತ ನಾನು ಹಾಕಾಕಾಗ್ತದಾ?"

ಆಸ್ಪತ್ರೆ, ನೀರು, ಅಗ್ನಿಶಾಮಕ ಇಲಾಖೆಯವರು ಇಳಿಯುವುದು ಬೇಡ ಎಂದು ಅಲ್ಲೇ ತೀರ್ಮಾನವಾಯಿತು.

ಮಾರ್ಚ್ ಇಪ್ಪತ್ತೊಂದರ ಬೆಳಿಗ್ಗೆ ರೈಲು ಮಾಲೂರಿನಲ್ಲಿ ನಿಂತಿತು. ಮೂರನೇ ಬೋಗಿ ಎದ್ದು ನಿಂತಿತು. ಚೀಲ, ಬುತ್ತಿ, ನೀರಿನ ಬಾಟಲಿ ಎತ್ತಿಕೊಂಡು ಒಬ್ಬೊಬ್ಬರಾಗಿ ಇಳಿದರು. ಯಾರೂ ಘೋಷಣೆ ಕೂಗಲಿಲ್ಲ. ಕೆಲಸಕ್ಕೆ ಹೋಗುವವರ ಅವಸರ ಮಾತ್ರ ಇತ್ತು. ರೈಲು ಹೊರಟಾಗ ಬೋಗಿಯಲ್ಲಿ ಸುಗುಣ, ಎಸ್ತರಕ್ಕ, ಇನ್ನೊಂದು ಐದಾರು ಜನ. ಹದಿನೈದು ವರ್ಷದಲ್ಲಿ ಆ ಹೊತ್ತಿಗೆ ಆ ಬೋಗಿಯ ನೆಲವನ್ನು ಸುಗುಣ ನೋಡಿದ್ದು ಅದೇ ಮೊದಲು.

ಹತ್ತು ಗಂಟೆಗೆ ನಗರದ ಮುಳ್ಳು ನಡುಗಿ ಅರ್ಧ ಗೆರೆ ಕೆಳಗೆ ಬಂತು. ಉಳಿಕೆಯದು ಅರ್ಧ ಗೆರೆ ಮೇಲೇರಿತು. ಮೊದಲ ದಿನ ಅದು ಒಂದು ತೊಟ್ಟಿನಷ್ಟು. ಮರುದಿನ ದೊಡ್ಡಬಳ್ಳಾಪುರದವರೂ ನಗರದ ಗಡಿಗೆ ಮುಂಚೆಯೇ ಇಳಿದರು. ಮೂರನೆಯ ದಿನ ತುಮಕೂರಿನ ರೈಲಿನವರು, ರಾಮನಗರದವರು, ಕನಕಪುರದ ಬಸ್ಸಿನವರು. ಕಲ್ಯಾಣ ಮಂಟಪ, ಶಾಲೆಯ ಜಗಲಿ, ರೇಷ್ಮೆ ಗೂಡಿನ ಮಾರುಕಟ್ಟೆ, ನೆರಳಿದ್ದ ಕಡೆಯೆಲ್ಲ ಜನ ಕೂತು ದುಡಿದರು. ಕಂಪನಿಗಳಿಗೆ ಕೆಲಸ ಮುಗಿದರೆ ಸಾಕಿತ್ತು. ಬೆಂಗಳೂರಿನ ಹೋಟೆಲು, ಆಟೋದವರು ಮಧ್ಯಾಹ್ನ ನೊಣ ಹೊಡೆಯುತ್ತಾ ಕೂತರು; ಅವರಲ್ಲಿ ಜಾಣರು ನಾಲ್ಕನೆಯ ದಿನ ಪಾತ್ರೆ ಸಮೇತ ಮಾಲೂರಿಗೇ ಬಂದರು. ಆ ದಿನದ ಲೆಕ್ಕದಲ್ಲಿ ನಗರದ ಪಾಲು ನಲವತ್ತೇಳೂವರೆಗೆ ಇಳಿಯಿತು.

ಕೇದಾರನಾಥರು ಸುಗುಣಳನ್ನು ಕರೆಸಿದರು. ಮೇಜಿನ ಮೇಲೆ ಒಂದು ನಮೂನೆ ಇತ್ತು: 'ಅಸಹಜ ದಿನ'. ಪ್ರವಾಹವೋ ಕರ್ಫ್ಯೂವೋ ಆದ ದಿನಗಳನ್ನು ವರ್ಷದ ಲೆಕ್ಕದಿಂದ ಬಿಡಲು ಬಳಸುವ ನಮೂನೆ. ಪರೀಕ್ಷಕಿಯ ಸಹಿ ಬೇಕು.

"ಇದು ಬೇಕಂತಲೇ ಮಾಡಿದ್ದು. ಸಹಜ ಅಲ್ಲ. ಈ ದಿನಗಳನ್ನ ಬಿಡೋಣ."

"ಅಸಹಜ ಅಂದ್ರೆ ಕೆಲಸ ನಿಂತ ದಿನ ಸರ್. ಹಾಗಂತ ನಿಯಮದಲ್ಲೇ ಇದೆ. ಮೂರನೇ ಮುಳ್ಳು ನೋಡಿ. ಒಟ್ಟು ಕದಲಿಲ್ಲ. ಒಂದು ಬಟನ್ ಹೊಲಿಯೋದೂ ನಿಂತಿಲ್ಲ. ಅಷ್ಟೇ ಕೆಲಸ, ಅದೇ ಜನ. ಕೂತಿರೋ ಜಾಗ ಮಾತ್ರ ಬೇರೆ."

"ನೀವು ಬಂಗಾರಪೇಟೆಯವರು. ನಿಮ್ಮ ಸಹಿಗೆ ನಾಳೆ ಜನ ಏನಂತಾರೆ?"

"ಬಂಗಾರಪೇಟೆಯವಳು ಹೌದು ಸರ್. ನೀವು ಬಸವನಗುಡಿಯವರು."

ಹಾಗೆ ಅಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಕೇದಾರನಾಥರು ಸಿಟ್ಟಾಗಲಿಲ್ಲ. ನಮೂನೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ನಾಳೆ ನಾನೇ ಹೋಗಿ ನೋಡ್ತೀನಿ. ಕೆಲಸ ನಡೀತಿದೆಯೋ, ನಾಟಕ ನಡೀತಿದೆಯೋ," ಎಂದರು.

ಮರುದಿನ ಅವರು ಯಾರಿಗೂ ಹೇಳದೆ ಮಾಲೂರಿನ ರೈಲು ಹತ್ತಿದರು. ಅಂದು ಎಸ್ತರಕ್ಕನಿಗೆ ವಾರದ ರಜೆ. ರಜೆಯ ದಿನ ಸುಮ್ಮನಿರುವ ಜೀವವಲ್ಲ ಅದು. ಶೆಡ್ಡಿನ ಹಿಂದೆ ದೊಡ್ಡ ಪಾತ್ರೆಯಲ್ಲಿ ಮಾವಿನಕಾಯಿ ಚಿತ್ರಾನ್ನ ಕಲಸುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾದ, ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತದ್ದು ಕಂಡು, "ಬನ್ನಿ ಸಾರ್, ಒಳಗೆ ನೆರಳೈತೆ," ಎಂದು ಕರೆದು ಎಲೆ ಹಾಕಿದಳು. ಅವರು ಯಾರೆಂದು ಕೇಳಲಿಲ್ಲ.

ಕೇದಾರನಾಥರು ಉಣ್ಣುತ್ತಾ ನೋಡಿದರು. ಉದ್ದಕ್ಕೂ ಸಾಲು ಸಾಲಾಗಿ ಹೆಂಗಸರು, ಗಂಡಸರು. ಯಂತ್ರಗಳ ಸದ್ದು ಬಿಟ್ಟರೆ ಮಾತಿಲ್ಲ. ಯಾರೂ ಅವರ ಕಡೆ ತಲೆ ಎತ್ತಲಿಲ್ಲ.

"ಇವರೆಲ್ಲ ದಿನಾ ಬೆಂಗಳೂರಿಗೆ ಬರೋರಾ?"

"ನಮ್ಮಮ್ಮನ ಕಾಲದಿಂದ ಸಾರ್. ಗಣಿ ಮುಚ್ಚಿದಾಗಿಂದ."

"ಇಲ್ಲಿ ಕೂತರೆ ಏನು ಸಿಗುತ್ತೆ?"

ಎಸ್ತರಕ್ಕ ಇನ್ನೊಂದು ಸೌಟು ಬಡಿಸಿದಳು. "ಮಕ್ಕಳನ್ನ ಮಲಗಿಸೋ ನಾಲ್ಕು ಪೆಟ್ಟಿಗೆ ಸಾರ್. ನಮ್ಮೂರಿನವು. ಒಂದು ಹುಡುಗಿ, ಆ ಊರಿಗೆ ದುಡಿದು ದುಡಿದು ಈ ಊರಲ್ಲಿ ಹೆತ್ತಳು. ಕೂಸನ್ನ ಇಡೋಕೆ ಜಾಗ ಇರಲಿಲ್ಲ. ಒಬ್ಬ ನರ್ಸು ತನ್ನ ಎದೆ ಮೇಲಿಟ್ಕೊಂಡು ಕೋಲಾರಕ್ಕೆ ಒಯ್ದ. ಬೆಂಗಳೂರು ದೊಡ್ಡದಾಗಲಿ ಸಾರ್, ನಮಗೇನು ಹೊಟ್ಟೆಕಿಚ್ಚಿಲ್ಲ. ನಾವೂ ಅದರೊಳಗಿದೀವಿ ಅಂತ ಒಂದು ಮಾತು ಬರೆದ್ರೆ ಸಾಕು."

ಕೇದಾರನಾಥರ ಕೈ ಎಲೆಯ ಮೇಲೆ ಹಾಗೇ ನಿಂತಿತು. "ಆ ಮಗು ಹೇಗಿದೆ?"

"ಹಾಲು ಕುಡೀತೈತಂತೆ. ಎಂಬತ್ತು ಗ್ರಾಂ ಜಾಸ್ತಿ ಆಗೈತಂತೆ."

"ಎಂಬತ್ತು," ಎಂದರು ಅವರು, ಜೀವಮಾನವೆಲ್ಲ ಲಕ್ಷ ಕೋಟಿಗಳಲ್ಲೇ ಎಣಿಸಿದ ಮನುಷ್ಯ.

ಮರುದಿನ ಅವರು ಸುಗುಣಳ ಮೇಜಿನ ಹತ್ತಿರ ತಾವೇ ಬಂದರು. "ಕೆಲಸ ನಡೀತಿದೆ. ಅಸಹಜ ಏನೂ ಇಲ್ಲ. ದಾಖಲೆಗೆ ಸೇರಿಸಿ," ಎಂದು ದಿನದ ಹಾಳೆಗಳ ಕೆಳಗೆ ಅವಳ ಸಹಿಯ ಪಕ್ಕ ತಮ್ಮದನ್ನೂ ಹಾಕಿದರು. "ನಿಮ್ಮ ಎರಡನೇ ಲೆಕ್ಕ ಇತ್ತಲ್ಲ, ಮನೆಯ ಜಾಗದ್ದು. ಅದನ್ನ ಅನುಬಂಧ ಅಂತ ಕಳಿಸ್ತೀನಿ. ಕಾಯ್ದೆ ಕೇಳಿಲ್ಲ. ಕಳಿಸಬಾರದು ಅಂತಲೂ ಹೇಳಿಲ್ಲ."

ಮಾರ್ಚ್ ಮೂವತ್ತೊಂದರ ಸಂಜೆ ವರ್ಷದ ಅಂಕಿ ಬಂತು. ನಗರದ ಪಾಲು ನಲವತ್ತೊಂಬತ್ತು ಪಾಯಿಂಟ್ ಒಂಬತ್ತು ಎಂಟು. ಬೆಂಗಳೂರು ಆ ವರ್ಷವೂ ಹಲವು ರಾಜ್ಯಗಳಿಗಿಂತ ದೊಡ್ಡದಾಗಿತ್ತು. ತನ್ನದೇ ರಾಜ್ಯವನ್ನು ಬಿಟ್ಟು ಹೋಗುವಷ್ಟು ಆಗಲಿಲ್ಲ. ಏಪ್ರಿಲ್ ಒಂದರಂದು ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ಎಲ್ಲ ಸರಿಹೋಯಿತು ಎಂದಲ್ಲ. ಕಾಯ್ದೆ ರದ್ದಾಗಲಿಲ್ಲ, ಇನ್ನು ಮುಂದೆ ದುಡಿದ ಜಾಗ, ದುಡಿದವರ ಮನೆಯ ಜಾಗ ಎರಡನ್ನೂ ನೋಡಬೇಕೆಂದು ತಿದ್ದುಪಡಿಯ ಮಾತು ಶುರುವಾಯಿತಷ್ಟೇ. ಕೇದಾರನಾಥರಿಗೆ ಮೂರು ತಿಂಗಳು ಮೊದಲೇ ನಿವೃತ್ತಿ ಕೊಟ್ಟರು. ಸುಗುಣಳನ್ನು ವಿಚಾರಣೆಗೆ ಕರೆದು, "ರೈಲಿನಲ್ಲಿ ನಿಯಮ ಹೇಳಿಕೊಟ್ಟವರು ನೀವೇ ಅಲ್ಲವೇ?" ಎಂದು ಕೇಳಿದರು. "ಹೌದು, ಕೇಳಿದ್ರು, ಹೇಳಿದೆ," ಎಂದಳು. ಪ್ರಕಟವಾದ ನಿಯಮ ಹೇಳುವುದು ಅಪರಾಧವೆಂದು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಅವಳನ್ನು ಮುಳ್ಳುಗಳ ಕೋಣೆಯಿಂದ ಎಬ್ಬಿಸಿ ತರಬೇತಿ ವಿಭಾಗಕ್ಕೆ ಹಾಕಿದರು.

ನಾಲ್ಕು ಪೆಟ್ಟಿಗೆಗಳಲ್ಲಿ ಎರಡು ಮಾತ್ರ ಮರಳಿ ಬಂದವು. ಮೇ ತಿಂಗಳ ಒಂದು ಮಧ್ಯಾಹ್ನ ಜಯಪಾಲ ಫೋನು ಮಾಡಿದ. ಅವನ ಹಿಂದೆ ಯಾವುದೋ ಸಣ್ಣ ಯಂತ್ರ ಗುಂಯ್ ಅನ್ನುತ್ತಿತ್ತು.

"ಕೇಳಿಸ್ತಾ?"

"ಏನ್ರೀ ಅದು?"

"ಟೇಕಲ್ ಕಡೆಯೋರದು. ಹೆಣ್ಣು ಕೂಸು, ಒಂದು ಕಿಲೋ ಏಳುನೂರು. ಬೆಳಿಗ್ಗೆ ಹುಟ್ಟಿದ್ದು, ಪೆಟ್ಟಿಗೆಯೊಳಗೆ ಮಲಗಿದಾಳೆ. ಅವರಮ್ಮ ಎಲ್ಲಿ ಕೆಲಸ ಮಾಡ್ತಾಳೆ ಅಂತ ಇಲ್ಲಿ ಯಾರೂ ಕೇಳಲಿಲ್ಲ ಸುಗುಣ."